ಟವೆಲ್ ಹಾಕಿದ ಮದುಮಗ

ಬಾಯಲ್ಲಿರುವ ತುತ್ತು ನುಂಗಿ ಆಮೇಲೆ ಕೇಳಿ. ನಕ್ಕು ನೆತ್ತಿಗೆ ಹತ್ತಿದರೆ ನಾನು ಹೊಣೆಯಲ್ಲ.

ಗುಳೇದಗುಡ್ಡದಲ್ಲಿ ಸಾತವ್ವ ಎಂಬ ತಾಯಿ, ಅವಳಿಗೆ ಭರಮ್ಯಾ ಎಂಬ ಮಗ. "ಬಾಗಿಲ ನೋಡ್ಕೋ" ಎಂದರೆ ಬಾಗಿಲನ್ನೇ ನೋಡುತ್ತ ನಿಲ್ಲುವವನು. ಆ ಬಾಗಿಲಿಂದಲೇ ನಾಯಿ ಬಂದು ರೊಟ್ಟಿ ಒಯ್ದರೂ ಕದಲುವವನಲ್ಲ.

"ಇವಗ ಯಾರು ಹೆಣ್ಣು ಕೊಡ್ತಾರೋ ಶಿವನೇ!" ಎಂದು ತಾಯಿ ಹಣೆ ಬಡಿದುಕೊಂಡಳು.

ಅವಳ ಅಣ್ಣ ರಾಚಪ್ಪನದು ಕುಪ್ಪಸದ ಖಣದ ಅಂಗಡಿ. ವ್ಯಾಪಾರವೆಲ್ಲ ವೆಬ್‌ಸೈಟಿನಲ್ಲಿ. "ಪಂಚಮಿ ಗದ್ದಲದಾಗ ನನ್ನ ಸರ್ವರ್ ಕಾಯಲಿ, ಮಗಳು ಸಾಂವಕ್ಕನ್ನ ಕೊಡ್ತೀನಿ" ಎಂದ. ಸಾಂವಕ್ಕನಿಗೂ ಭರಮ್ಯಾನನ್ನು ಕಂಡರೆ ನಗು. ಆ ನಗುವೇ ಅವಳಿಗೆ ಇಷ್ಟ.

ಸರ್ವರ್ ಎಂದರೆ ಒಂದು ಕಂಪ್ಯೂಟರು. ಗಿರಾಕಿಗೆ ಉತ್ತರ ಕೊಡುವ ಆಳುಗಳು ಅದರೊಳಗೇ ಇರುತ್ತವೆ, ಪ್ರೊಸೆಸ್ ಅಂತ ಹೆಸರು. ಅವು ಕೂರುವ ಜಾಗ ಮೆಮೊರಿ.

"ಜಾಗ ಮೀರಿದರ ಬಂದ್ ಮಾಡು" ಎಂದ ಮಾವ.

ಯಾವ ಪ್ರೊಸೆಸ್ಸಿಗೆ ಎಷ್ಟು ಜಾಗ ಎಂಬ ಲೆಕ್ಕ ಪರದೆಯ ಮೇಲಿತ್ತು. ಭರಮ್ಯಾ ಅದರಲ್ಲಿ ವರ್ಚುವಲ್ ಎಂಬ ಸಾಲನ್ನು ಕೂಡಿಸಿದ. ಇರುವ ಜಾಗದ ಮೂರು ಪಟ್ಟು! "ಅಯ್ಯಯ್ಯೋ, ಮೀರೇತಿ!" ಎಂದು ಎಲ್ಲವನ್ನೂ ಬಂದ್ ಮಾಡಿದ. ಅಂಗಡಿಯೂ ಬಂದ್! ಮಾವ ಓಡಿ ಬಂದ.

"ಖೋಡಿ! ಬಸ್ಸಿನಾಗ ಕಿಟಕಿಯಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ಲ, ವರ್ಚುವಲ್ ಅಂದರ ಆ ಟವೆಲ್ಲು. ಬಾಜೂಕಿನ ಫಿಸಿಕಲ್ ಸಾಲು ನೋಡು, ಖರೇ ಕೂತದ್ದು ಅದು. ಟವೆಲ್ ಲೆಕ್ಕಕ್ಕಿಲ್ಲ!"

"ಹೂಂ ಮಾವ, ಲೆಕ್ಕಕ್ಕಿಲ್ಲ."

ಸಂಜೆ ತಾಯಿಯ ಜೊತೆ ಬಾದಾಮಿ ಬಸ್ಸು ಹತ್ತಿದ. ಸೀಟಿನ ತುಂಬ ಟವೆಲ್ಲು. "ಲೆಕ್ಕಕ್ಕಿಲ್ಲ!" ಎಂದು ಒಂದೊಂದನ್ನೇ ಹೊರಗೆ ಎಸೆದ. ಟವೆಲ್ಲಿನವರು ಬಂದರು, ಬೆನ್ನಿಗೆ ಬಿತ್ತು ಗುದ್ದು.

"ನನ್ನ ಹೊಟ್ಟ್ಯಾಗ ಹುಟ್ಟೀ ನೋಡು!" ಎಂದು ಸಾತವ್ವ ಬೈದಳು. "ಟವೆಲ್ ಹಾಕಿದ ಮ್ಯಾಲೆ ಸೀಟ್ ಅವರದು. ಕೈ ಮುಗದು ಸುಮ್ಮನಿರಬೇಕು!"

"ಹೂಂ ಯವ್ವಾ, ಸುಮ್ಮನಿರ್ತೀನಿ."

ಮರುದಿನ ಒಂದು ಪ್ರೊಸೆಸ್ ಉಬ್ಬತೊಡಗಿತು. ಫಿಸಿಕಲ್ ಸಾಲಿನಲ್ಲೇ ಏರಿತು, ಏರಿತು, ಬೇರೆಯವಕ್ಕೆ ಜಾಗವೇ ಇಲ್ಲ. ಭರಮ್ಯಾ ಕೈ ಮುಗಿದು ಕುಳಿತೇ ಇದ್ದ. ಸರ್ವರ್ ಏದುಸಿರು ಬಿಟ್ಟು ನಿಂತಿತು.

"ಏ ಕೋಣಾ! ಹೆಚ್ಚು ಜಾಗ ತಿಂದವನ್ನ ಒಬ್ಬನ್ನ ಎಬ್ಬಿಸಿ ಕಳಿಸು, ಉಳಿದವರು ಉಸಿರಾಡ್ತಾರ! ಇನ್ನೊಮ್ಮೆ ನಿಂತಿತೋ, ಸಾಂವಕ್ಕನ ಆಸೆ ಬಿಡು!"

"ಹೂಂ ಮಾವ, ಎಬ್ಬಿಸಿ ಕಳಿಸ್ತೀನಿ."

ಪಂಚಮಿ ಬಂತು. ಊರೂರಿನ ಹೆಂಗಸರೆಲ್ಲ ಖಣಕ್ಕೆ ಮುಗಿಬಿದ್ದರು. ಮತ್ತೆ ಅದೇ ಪ್ರೊಸೆಸ್ ಉಬ್ಬಿತು. ಭರಮ್ಯಾ ಅದೊಂದನ್ನೇ ಎಬ್ಬಿಸಿ ಕಳಿಸಿದ. ಸರ್ವರ್ ಸುರಳೀತ ಓಡಿತು! ಮಾವ ಕುಣಿದ, ಮದುವೆ ಗೊತ್ತಾಯಿತು.

ಮುಹೂರ್ತದ ಹೊತ್ತು. ಸಾಂವಕ್ಕ ಮಾಲೆ ಹಿಡಿದು ಬಂದಳು. ನೋಡಿದರೆ ಮದುಮಗನ ಮಣೆಯ ಮೇಲೆ ಬರೀ ಟವೆಲ್ಲು!

"ಭರಮ್ಯಾ! ಎಲ್ಲಿ ಸತ್ಯೋ?" ಸಾತವ್ವ ಕೂಗಿದಳು.

"ಇಲ್ಲೇ ಅದೀನಿ ಯವ್ವಾ!" ಹಂದರದ ಹಿಂದಿನಿಂದ ದನಿ ಬಂತು. "ಹೋಳಿಗಿ ತಿಂದು ಉಬ್ಬೀನಿ. ಎಲ್ಲಾರಕಿಂತ ಹೆಚ್ಚು ಜಾಗ ನಾನೇ ತಿಂದಿದ್ದೆ. ಅದಕ್ಕ ಟವೆಲ್ ಹಾಕಿ ನನ್ನ ನಾನೇ ಎಬ್ಬಿಸಿ ಕಳಿಸೀನಿ!"

ಮಾವ ಚಪ್ಪಲಿಗೆ ಕೈ ಹಾಕಿದ. ಸಾಂವಕ್ಕ ಕಿಸಕ್ಕನೆ ನಕ್ಕಳು. "ಬಿಡಪ್ಪಾ, ಟವೆಲ್ ಹಾಕಿದ ಮ್ಯಾಲೆ ಸೀಟ್ ಅವರದು" ಎಂದು ಮಾಲೆಯನ್ನು ಟವೆಲ್ಲಿಗೇ ಹಾಕಿದಳು.

ಅಕ್ಷತೆ ಬಿತ್ತು, ವಾಲಗ ಮೊಳಗಿತು. ಭರಮ್ಯಾ ಓಡೋಡಿ ಬಂದು ಮಣೆ ನೋಡಿದ, ಮಾಲೆ ನೋಡಿದ, ಟವೆಲ್ಲಿಗೆ ಕೈ ಮುಗಿದ.

"ಯವ್ವಾ, ಈ ಸೀಟಿನ್ಯಾಗ ಯಾರೋ ಅದಾರ. ನಾ ನಿಂತೇ ಬರ್ತೀನಿ!"