ಗಿಮಾನನಿಗೆ ನಿಲುಕುವ ಎತ್ತರ

ಒಂದಾನೊಂದು ಕಾಲದಲ್ಲಿ, ಹಾಯಿ ಕಟ್ಟಿದ ಹಡಗುಗಳು ಲವಂಗ ತರೋಕೆ ಹೋಗುತ್ತಿದ್ದ ಕಾಲದಲ್ಲಿ, ಜಾವಾ ಅನ್ನೋ ದ್ವೀಪದಲ್ಲಿ ಒಂದು ಹೊಳೆ, ಹೊಳೆಯ ದಂಡೆಗೆ ಒಂದು ಊರು ಇತ್ತಂತೆ. ಆ ಊರಲ್ಲಿ ಪೊನಿರಾ ಅಂತ ಒಬ್ಬಳು, ಅವಳ ಗಂಡ ಕಸಾನ್, ಇಬ್ಬರಿಗೂ ಐದು ವರ್ಷದ ಒಬ್ಬನೇ ಮಗ, ಗಿಮಾನ್.

ಅಲ್ಲಿ ಉಪವಾಸದ ತಿಂಗಳು ಶುರುವಾಗುವ ಹಿಂದಿನ ದಿನ ಊರಿಗೆ ಊರೇ ಹೊಳೆಗಿಳಿದು ಮೈ ತೊಳೆದುಕೊಳ್ಳಬೇಕು, ನಾವು ಹಬ್ಬಕ್ಕೆ ಎಣ್ಣೆನೀರು ಹಾಕಿಕೊಳ್ಳೋದಿಲ್ಲವಾ, ಹಾಗೆ. ಆ ವರ್ಷ ಪೊನಿರಾನೂ ಮಗನ ಕೈ ಹಿಡಿದು ಇಳಿದಳಂತೆ. ಪಕ್ಕದಲ್ಲಿ ನೆರೆಮನೆಯ ಮುದುಕಿ ಸಮಿನಾ. ಅಲ್ಲಿ ಅಜ್ಜಿಗೆ ಎಂಬಾ ಅಂತಾರಂತೆ. ಆ ಎಂಬಾ ಸಮಿನಾ, ನನ್ನ ಕೈ ನಿಲುಕೋದಿಲ್ಲ, ಬೆನ್ನು ಸ್ವಲ್ಪ ಉಜ್ಜೇ ತಾಯಿ ಅಂದಳಂತೆ, ಇವಳು ಮಗನ ಕೈ ಬಿಟ್ಟು ಉಜ್ಜಿದಳಂತೆ. ಅಷ್ಟೇ. ತಿರುಗಿ ನೋಡಿದರೆ ನೀರಿತ್ತು, ಮಗ ಇರಲಿಲ್ಲ. ಗಂಡಸರೆಲ್ಲ ಮೂರು ದಿನ ದೋಣಿ ಹಾಕಿ ಹುಡುಕಿದರಂತೆ, ಹೊಳೆ ಸಮುದ್ರ ಸೇರೋ ತನಕ ಹೋಗಿ ಬಂದರಂತೆ, ಏನೂ ಸಿಗಲಿಲ್ಲವಂತೆ.

ಆಮೇಲೆ ತಿಂಗಳು ಕಳೆದು ಹಬ್ಬ ಬಂತು. ಹಬ್ಬದ ದಿನ ಚಿಕ್ಕವರು ದೊಡ್ಡವರ ಮುಂದೆ ಮೊಣಕಾಲೂರಿ, ವರ್ಷವೆಲ್ಲ ಮಾಡಿದ ತಪ್ಪನ್ನ ಹೊಟ್ಟೆಗೆ ಹಾಕಿಕೊಳ್ಳಿ ಅಂತ ಕೇಳಬೇಕು. ಆ ಸಲ ಎಪ್ಪತ್ತು ವರ್ಷದ ಎಂಬಾ ಸಮಿನಾನೇ ಪೊನಿರಾಳ ಮುಂದೆ ಮೊಣಕಾಲೂರೋಕೆ ಬಂದಳಂತೆ. ಪೊನಿರಾ ಕದ ಹಾಕಿಕೊಂಡಳಂತೆ.

ಅದಾಗಿ ಎಂಟನೇ ದಿನಕ್ಕೆ ಕುಪಾತಿನ ಹಬ್ಬ. ಕುಪಾತ್ ಅಂದರೆ, ನಾವು ಹಲಸಿನೆಲೆಯ ಕೊಟ್ಟೆ ಕಟ್ಟಿ ಕಡುಬು ಬೇಯಿಸ್ತೀವಲ್ಲ, ಹಾಗೆ ಅವರು ತೆಂಗಿನ ಎಳೆಗರಿಯನ್ನ ಚೌಕವಾಗಿ ಹೆಣೆದು, ಒಳಗೆ ಅಕ್ಕಿ ತುಂಬಿ ಬೇಯಿಸ್ತಾರಂತೆ. ಆ ಊರಲ್ಲಿ ಅದನ್ನ ಎಲ್ಲರೂ ಮಾಡೋ ಹಾಗಿರಲಿಲ್ಲ. ಎಳೆಮಗು ತೀರಿಹೋದ ಮನೆಯವರು ಮಾತ್ರ ಮಾಡಬೇಕು. ಊರ ಗಂಡಸರನ್ನ ಕರೆದು ಚಾಪೆ ಮೇಲೆ ಕೂರಿಸಿ, ಮಸೀದಿಯ ಹಿರಿಯರಿಂದ ಪ್ರಾರ್ಥನೆ ಹೇಳಿಸಿ, ಎಲ್ಲರಿಗೂ ಬಾಳೆಲೆಯ ಗಂಟು ಕಟ್ಟಿ ಕಳಿಸಿ, ಆಮೇಲೆ ಒಂದು ಕುಪಾತನ್ನ ಬಾಗಿಲಿಗೆ ದಾರ ಕಟ್ಟಿ ಇಳಿಬಿಡಬೇಕು, ಸರಿಯಾಗಿ ಆ ಮಗುವಿನ ಬಾಯಿಯ ಎತ್ತರಕ್ಕೆ. ಹೋದ ಮಕ್ಕಳೆಲ್ಲ ಅವತ್ತು ತಮ್ಮ ತಮ್ಮ ಬಾಗಿಲಿಗೆ ಬರ್ತಾವಂತೆ. ಎತ್ತಿಕೊಳ್ಳೋಕೆ ಅವಕ್ಕೆ ಯಾರೂ ಇಲ್ಲವಲ್ಲ, ಕೈಯಲ್ಲಿ ಹಿಡಿಯೋಕೂ ಬರೋದಿಲ್ಲ, ಬಾಯಿಂದಲೇ ಕಚ್ಚಬೇಕು, ಅದಕ್ಕೇ ಆ ಎತ್ತರ.

ಎಂಬಾ ಸಮಿನಾ ತನ್ನ ಮೂರು ಮಕ್ಕಳಿಗೆ ನಲವತ್ತು ವರ್ಷದಿಂದ ಮೂರು ದಾರ ಕಟ್ಟುತ್ತಿದ್ದವಳು. ಒಂದು ಹೊರೆ ಎಳೆಗರಿ ತಂದು ಪೊನಿರಾಳ ಜಗುಲಿ ಮೇಲಿಟ್ಟು, ಹೆಣೆಯೇ ಅಂದಳಂತೆ. ಯಾರಿಗೆ ಅಂದಳಂತೆ ಪೊನಿರಾ. ಗಿಮಾನನಿಗೆ ಅಂದಳಂತೆ ಮುದುಕಿ. ಅವನು ಸತ್ತದ್ದನ್ನ ನೀವು ನೋಡಿದಿರಾ ಎಂಬಾ, ನೀವು ಕಣ್ಣು ಮುಚ್ಚಿಕೊಂಡು ಹಾಯಾಗಿ ಬೆನ್ನು ಉಜ್ಜಿಸಿಕೊಳ್ಳುತ್ತಿದ್ದಿರಿ. ಯಾರೋ ದೋಣಿಯವರು ಎತ್ತಿಕೊಂಡಿರ್ತಾರೆ. ನಾಳೆ ನಡೆದು ಬರ್ತಾನೆ. ಬಾಗಿಲಲ್ಲಿ ಕುಪಾತ್ ತೂಗೋದು ನೋಡಿ, ಅಮ್ಮ ನನ್ನನ್ನ ಸತ್ತವರ ಜೊತೆ ಸೇರಿಸಿಬಿಟ್ಟಳು ಅಂತ ಅಂಗಳದಿಂದಲೇ ತಿರುಗಿ ಹೋದರೆ, ನೀವು ಕರೆದು ತರ್ತೀರಾ? ಹಾಗಂದು ಗರಿಯನ್ನೆಲ್ಲ ಮೇಕೆಗೆ ಹಾಕಿದಳಂತೆ. ಅವತ್ತು ಕಸಾನ್ ಬೇರೆ ಮನೆಗಳ ಊಟಕ್ಕೆ ಹೋಗಿ ಎಲೆಗಂಟು ತಂದನಂತೆ. ಗಂಟಿನಲ್ಲಿ ಒಂದು ಬೇಯಿಸಿದ ಮೊಟ್ಟೆ ಇರುತ್ತೆ, ಅದು ಯಾವಾಗಲೂ ಮನೆಯ ಮಗುವಿಗೆ. ಗಂಡ ಹೆಂಡತಿ ಇಬ್ಬರೂ ಅದನ್ನ ಮುಟ್ಟಲಿಲ್ಲವಂತೆ.

ಆಮೇಲೆ ಎರಡನೇ ವರ್ಷ. ಕಸಾನ್ ಮಾತು ಕಡಿಮೆ ಇದ್ದವನು, ಅವನೇ ಬಾಯಿ ಬಿಟ್ಟನಂತೆ. ನೋಡು ಪೊನಿ, ಬದುಕಿದ್ದರೆ ಎಲ್ಲಿದ್ದರೂ ಯಾರಾದರೂ ಒಂದು ತುತ್ತು ಹಾಕ್ತಾರೆ. ಇಲ್ಲದಿದ್ದರೆ ನಮ್ಮನ್ನ ಬಿಟ್ಟು ಇನ್ಯಾರು ಹಾಕಬೇಕು? ಬೇರೆ ಮಕ್ಕಳೆಲ್ಲ ತಿನ್ನೋವಾಗ ನಮ್ಮವನು ಬರಿ ಬಾಗಿಲು ನೋಡಿಕೊಂಡು ನಿಂತಿರಬೇಕಾ? ಪೊನಿರಾ ಎದ್ದು ಹೋಗಿ ಗರಿ ತಂದು ಹೆಣೆದಳಂತೆ. ಕಸಾನ್ ದಾರ ಕಟ್ಟಿ ಆಚೆ ಹೋದ ಕೂಡಲೇ ಅದನ್ನ ಬಿಚ್ಚಿ ಒಂದು ಗೇಣು ಮೇಲಕ್ಕೆ ಕಟ್ಟಿದಳಂತೆ. ಯಾಕೆ ಅಂತ ಅವನು ಕೇಳಿದರೆ, ವರ್ಷವಾಯಿತಲ್ಲ, ಬೆಳೆದಿರ್ತಾನೆ ಅಂದಳಂತೆ. ಅವನು ಕೋಳಿ ಕೂಡಿಹಾಕೋಕೆ ಹೋದನಂತೆ.

ಮಾರನೇ ಬೆಳಿಗ್ಗೆ ನೋಡಿದರೆ ಕಟ್ಟಿದವರೆಲ್ಲರ ಬಾಗಿಲಿನ ಕುಪಾತೂ ಮೂಲೆ ಹರಿದು ಅನ್ನ ಚೂರು ಚೂರು ಹೋಗಿತ್ತಂತೆ. ಯಾರು ತಿಂದದ್ದು ಅಂತೀಯಾ? ಅಳಿಲಿರಬಹುದು, ಇರುವೆ ಇರಬಹುದು. ನಾನು ನೋಡಿಲ್ಲ ಕಂದ, ನೋಡದ್ದನ್ನ ನೋಡಿದೆ ಅನ್ನಬಾರದು. ಪೊನಿರಾಳ ಬಾಗಿಲಿನದು ಮಾತ್ರ ಕಟ್ಟಿದ್ದು ಕಟ್ಟಿದ ಹಾಗೇ ಇತ್ತಂತೆ. ಅವಳು ವರ್ಷಕ್ಕೆ ಮೊದಲ ಸಲ ನಗುತ್ತಾ ಎಂಬಾ ಸಮಿನಾಳ ಮನೆಗೆ ಓಡಿದಳಂತೆ. ನೋಡಿ ಎಂಬಾ, ಅವನು ಬಂದೇ ಇಲ್ಲ, ಅಂದರೆ ಬದುಕಿದ್ದಾನೆ.

ಮುದುಕಿ ಅವಳನ್ನ ಹತ್ತಿರ ಕೂರಿಸಿಕೊಂಡಳಂತೆ. ಆಮೇಲೆ, ಪೊನಿ, ಅವನು ಬಂದಿದ್ದ, ನಿಲುಕಲಿಲ್ಲ ಅಂದಳಂತೆ. ಹೋದ ಮಕ್ಕಳು ಬೆಳೆಯೋದಿಲ್ಲ ಕಣೇ. ನನ್ನ ದೊಡ್ಡವನು ಇದ್ದಿದ್ದರೆ ಇಷ್ಟು ಹೊತ್ತಿಗೆ ಅವನ ತಲೆಯೂ ನೆರೆಯುತ್ತಿತ್ತು, ಅವನ ದಾರ ಇವತ್ತಿಗೂ ನನ್ನ ಮೊಣಕಾಲಿನ ಹತ್ತಿರವೇ ಇಳಿಯುತ್ತೆ. ಪೊನಿರಾ ಆಡಬಾರದ್ದನ್ನೆಲ್ಲ ಆಡಿ ಎದ್ದು ಬಂದಳಂತೆ. ಬಂದಳು, ಆದರೆ ಆ ವರ್ಷವೆಲ್ಲ ಅನ್ನಕ್ಕೆ ಕೈ ಹಾಕಿದಾಗಲೆಲ್ಲ, ಕತ್ತು ಎತ್ತಿ ಬಾಯಿ ತೆರೆದು ಬಾಗಿಲಲ್ಲಿ ನಿಂತ ಹುಡುಗನೇ ಕಣ್ಣ ಮುಂದೆ.

ಆಮೇಲೆ ಮೂರನೇ ವರ್ಷ. ಪೊನಿರಾ ಯಾರೂ ಹೇಳದೆ ಗರಿ ತಂದಳಂತೆ, ಹೆಣೆದಳಂತೆ, ಊರವರನ್ನ ಕರೆದು ಪ್ರಾರ್ಥನೆ ಹೇಳಿಸಿದಳಂತೆ. ಎಲ್ಲರೂ ಎದ್ದು ಹೋದ ಮೇಲೆ ತಾನೇ ಬಾಗಿಲಲ್ಲಿ ನೆಟ್ಟಗೆ ನಿಂತಳಂತೆ. ಗಿಮಾನ್ ಉಂಡ ಬಾಯಲ್ಲೇ ಓಡಿ ಬಂದು ತಬ್ಬಿದರೆ ಅನ್ನದ ಅಂಟು ಅವಳು ಸೊಂಟಕ್ಕೆ ಉಟ್ಟ ಬಟ್ಟೆಯ ಗಂಟಿಗೆ ಹತ್ತುತ್ತಿತ್ತು. ಆ ಗಂಟಿನ ಮೇಲೆ ಬೆರಳಿಟ್ಟು, ಇಲ್ಲಿಗೆ ಇಳಿಸಿ ಅಂದಳಂತೆ. ಕಸಾನ್ ದಾರ ಇಳಿಸಿದನಂತೆ. ಅವಳು ಹಿಂದೆ ಸರಿದು ನೋಡಿ, ಇಷ್ಟು ಚಿಕ್ಕವನಾ ಅಂದಳಂತೆ. ಇಷ್ಟೇ ಇದ್ದ ಅಂದನಂತೆ ಅವನು. ಅವಳು ಮಗನಿಗಾಗಿ ಅತ್ತದ್ದು ಅವತ್ತೇ.

ಅತ್ತು ಮುಗಿಸಿ, ಎಂಬಾ ಸಮಿನಾಳ ಮನೆಗೆ ಹೋಗಿ ಮೊಣಕಾಲೂರಿದಳಂತೆ. ಮುದುಕಿ, ನಾನು ತಾನೇ ಊರಬೇಕಾದವಳು ಅಂತ ತಾನೂ ಊರಿದಳಂತೆ. ಇಬ್ಬರೂ ಕೆಳಗೆ ಕೂತರೆ ಕ್ಷಮಿಸೋರು ಯಾರು ಅಂತ ಕಸಾನ್ ಇಬ್ಬರನ್ನೂ ಹಿಡಿದು ಎಬ್ಬಿಸಿದನಂತೆ.

ಬೆಳಿಗ್ಗೆ ಕುಪಾತಿನ ಒಂದು ಮೂಲೆ ಹರಿದಿತ್ತಂತೆ. ಅಳಿಲು ಅಂದರಂತೆ ಕೆಲವರು. ಪೊನಿರಾ ಯಾರನ್ನೂ ಕೇಳಲಿಲ್ಲವಂತೆ. ಇಲ್ಲ ಕಂದ, ಗಿಮಾನ್ ತಿರುಗಿ ಬರಲಿಲ್ಲ. ಬಂದ ಅಂತ ನಿನಗೆ ಸುಳ್ಳು ಹೇಳಲಾರೆ.

ಆಮೇಲೆ ಅವರಿಗೊಂದು ಹೆಣ್ಣುಮಗು ಹುಟ್ಟಿತು, ಲಾಸ್ತ್ರಿ ಅಂತ ಹೆಸರಿಟ್ಟರು. ವರ್ಷ ವರ್ಷವೂ ದಾರ ಅದೇ ಎತ್ತರಕ್ಕೆ ಇಳಿಯುತ್ತಿತ್ತು. ಲಾಸ್ತ್ರಿ ಒಂದು ವರ್ಷ ಅಂಬೆಗಾಲಿಟ್ಟು ಬಂದು ಮೇಲೆ ನೋಡಿದಳಂತೆ, ಇನ್ನೊಂದು ವರ್ಷ ತುದಿಗಾಲಲ್ಲಿ ನಿಂತಳಂತೆ, ಐದನೇ ವರ್ಷ ಕುಪಾತ್ ಅವಳ ಬಾಯಿಗೇ ಸರಿಯಾಗಿ ಬಂತಂತೆ. ಆ ವರ್ಷ ಪೊನಿರಾ ಅವಳನ್ನ ಹೊಳೆಯ ಹತ್ತಿರಕ್ಕೂ ಬಿಡಲಿಲ್ಲವಂತೆ. ಆರು ತುಂಬಿ ಏಳಕ್ಕೆ ಬಿದ್ದ ಮೇಲೆ ಲಾಸ್ತ್ರಿ ಅದನ್ನ ಮೂಸಿ ನೋಡೋಕೆ ಕತ್ತು ಬಗ್ಗಿಸಬೇಕಾಯಿತು. ಅಮ್ಮಾ, ಅಣ್ಣ ನನಗಿಂತ ಚಿಕ್ಕವನಾ ಅಂದಳಂತೆ. ಹೂಂ ಮಗಳೇ, ಇನ್ನು ಮೇಲೆ ಅವನನ್ನ ನೀನೇ ನೋಡಿಕೋಬೇಕು ಅಂದಳಂತೆ ಪೊನಿರಾ. ಅಂದು, ದಾರದ ಉಂಡೆಯನ್ನ ಅವಳ ಕೈಗೇ ಕೊಟ್ಟಳಂತೆ.

ಅಲ್ಲಿಗೆ ಕತೆ ಮುಗೀತು ಕಂದ. ಮಗ್ಗುಲಾಗು.