ಇನ್ನಾಸ ಮುಚ್ಚಳ ಕಾಯ್ದದ್ದು

ಹೂಂಗುಟ್ಟುವವರು ಹೂಂಗುಟ್ಟಿ, ನಿದ್ದೆ ಬಂದವರು ಗೋಡೆಗೆ ಒರಗಿ. ಶಿಲುಬೆಕೊಪ್ಪಲು ಅಂತ ಒಂದೂರು. ಆ ಊರಲ್ಲಿ ಲೂರ್ದಮ್ಮ ಅಂತ ಒಬ್ಬ ತಾಯಿ, ಅವಳಿಗೆ ಇನ್ನಾಸ ಅಂತ ಒಬ್ಬನೇ ಮಗ. ಆಳು ನಿಂತರೆ ಬಾಗಿಲು ತುಂಬುತ್ತಿತ್ತು. ತಲೆ ಮಾತ್ರ ಖಾಲಿ. ಹೇಳಿದ್ದನ್ನು ಮಾಡುವುದಿಲ್ಲ ಅಂತ ಯಾರೂ ದೂರುವ ಹಾಗಿರಲಿಲ್ಲ. ಹೇಳಿದ್ದನ್ನೇ ಮಾಡುತ್ತಿದ್ದ, ಅದೇ ತೊಂದರೆ.

"ಎಲ್ಲಿಂದ ಬಂದು ಹುಟ್ಟಿದ್ಯೋ ನನ್ ಹೊಟ್ಟೇಲಿ!" ಅಂತ ಲೂರ್ದಮ್ಮ ಹಣೆ ಚಚ್ಚಿಕೊಂಡರೆ, "ಇಲ್ಲೇ ಕಣವ್ವ, ನಡುಮನೇಲಿ" ಅನ್ನುತ್ತಿದ್ದ.

ಆ ಊರಲ್ಲಿ ಕ್ರಿಸ್‌ಮಸ್ಸಿಗೆ ಟರ್ಕಿ ಕೋಳಿ ಆಗಲೇಬೇಕು. ಯಾವ ಕಾಲದಲ್ಲೋ ದೂರದೇಶದ ಪಾದ್ರಿಗಳು ಒಂದು ಜೋಡಿ ತಂದು ಸಾಕಿದ್ದರಂತೆ, ಈಗ ಊರ ತುಂಬ ಅದರ ಸಂತಾನ. ಕೋಳಿಯ ಹೊಟ್ಟೆಗೆ ಅಕ್ಕಿ, ಈರುಳ್ಳಿ, ಕೋಳಿಯದೇ ಹೆಚ್ಚಿದ ಈಲಿ, ಮಸಾಲೆ ತುಂಬಿ, ಹೊಲಿದು ಬೇಯಿಸುವುದು ಲೂರ್ದಮ್ಮನ ತವರಿನ ಪದ್ಧತಿ. ಅವಳ ಅಣ್ಣ ಚೌರಪ್ಪನ ಹೆಂಡತಿ ಜ್ಞಾನಮ್ಮನದು ಬೇರೆ ರಾಗ. "ಒಳಗಿಟ್ರೆ ಅಕ್ಕಿ ಬೇಯಕಿಲ್ಲ, ಬೇರೆ ಪಾತ್ರೇಲಿ ಬೇಯಿಸ್ಬೇಕು" ಅಂದಳು. "ಬೇರೆ ಬೇಯಿಸಿದ್ರೆ ಅದಕ್ಕೆ ಕೋಳಿ ರುಚಿ ಎಲ್ಲಿಂದ ಬತ್ತದೆ?" ಅಂದಳು ಲೂರ್ದಮ್ಮ. ಒಳಗೆ! ಬೇರೆ! ಒಳಗೆ! ಬೇರೆ! ಮಾತಿಗೆ ಮಾತು ಬೆಳೆದು, ಒಂದು ಹಬ್ಬದ ದಿನ ಚೌರಪ್ಪ ತಂಗಿಯ ಮನೆಯಲ್ಲಿ ಹಾಕಿದ ಎಲೆ ಬಿಟ್ಟು ಎದ್ದುಹೋದ.

ಆಮೇಲೆ ಎಷ್ಟೋ ಕ್ರಿಸ್‌ಮಸ್ಸು ಬಂದುಹೋದವು, ಅಣ್ಣ ಬರಲಿಲ್ಲ. ಲೂರ್ದಮ್ಮನಿಗೆ ಗಂಡನಿಲ್ಲ, ತವರು ಅಂತ ಇದ್ದವನು ಅವನೊಬ್ಬನೇ. ಈ ವರ್ಷ ಏನಾದರಾಗಲಿ, ಅಣ್ಣ ತನ್ನ ಮನೆಯಲ್ಲಿ ಕೂತು ಉಣ್ಣಬೇಕು ಅಂತ ಅವಳು ಹಠ ಹಿಡಿದಳು.

ಮೊದಲು ಮಗನನ್ನು ಅಂಗಡಿಗೆ ಕಳಿಸಿದಳು. "ಮೊಟ್ಟೆ, ಉಪ್ಪು, ಖಾರದ ಪುಡಿ, ಬೆಲ್ಲ ತಗೊಂಬಾ." ಇನ್ನಾಸ ಹೋದ. ಎಲ್ಲವನ್ನೂ ಒಂದೇ ಟವೆಲ್ಲಿಗೆ ಸುರಿಸಿಕೊಂಡ. ಗಂಟು ಕಟ್ಟಿದ, ಹೆಗಲಿಗೆ ಎಸೆದ, ಬೀಸಿಕೊಂಡು ಬಂದ. ಬಿಚ್ಚಿದರೆ ಏನಿದೆ? ಖಾರದ ಪಾಯಸ!

"ಅಯ್ಯೋ ಪೆದ್ದ ಮುಂಡೇದೆ! ಒಂದೊಂದನ್ನೂ ಬೇರೆ ಬೇರೆ ಇಡ್ಬೇಕು ಕಣ್ಲಾ. ಒಂದರ ಸಾವಾಸ ಇನ್ನೊಂದಕ್ಕೆ ಬ್ಯಾಡ!"

"ಹಂಗೇ ಆಗಲವ್ವ, ಇನ್ಮೇಲೆ ಬೇರೆ ಬೇರೆ" ಅಂದ ಇನ್ನಾಸ.

ಮಾರನೇ ದಿನ ಅಣ್ಣನನ್ನು ಕರೆಯಬೇಕು. ತಾನೇ ಹೋಗೋಣ ಅಂದರೆ ಲೂರ್ದಮ್ಮನಿಗೆ ಬಿಗುಮಾನ. "ಹೋಗ್ಲಾ, ಮಾವಂಗೂ ಅತ್ತೆಗೂ ಹಬ್ಬಕ್ಕೆ ಬರೋಕೆ ಹೇಳು" ಅಂತ ಮಗನನ್ನೇ ಕಳಿಸಿದಳು. ರಾಗಿ ಮಿಲ್ಲಿನ ಮುಂದೆ ಇಬ್ಬರೂ ಒಟ್ಟಿಗೆ ನಿಂತಿದ್ದರು. ಇನ್ನಾಸ ಮಾವನ ಕೈಹಿಡಿದು ಹುಣಸೇಮರದ ಹಿಂದಕ್ಕೆ ಎಳೆದುಕೊಂಡು ಹೋದ.

"ಮಾವ, ಹಬ್ಬಕ್ಕೆ ನೀವು ಬರಬೇಕು."

"ನನ್ನ ಕರೀಲಿಲ್ವೇನೋ?" ಅಂತ ಜ್ಞಾನಮ್ಮ ಮಿಲ್ಲಿನ ಹತ್ತಿರದಿಂದ ಕೂಗಿದಳು.

"ಅತ್ತೆ, ನಿಮ್ದು ಬೇರೆ! ಒಬ್ಬರ ಸಾವಾಸ ಇನ್ನೊಬ್ಬರಿಗೆ ಬ್ಯಾಡ ಅಂದವ್ಳೆ ಅವ್ವ!"

ಜ್ಞಾನಮ್ಮ ಹಿಟ್ಟಿನ ಪಾತ್ರೆ ಅಲ್ಲೇ ಕುಕ್ಕಿ ಮನೆಗೆ ನಡೆದಳು. ಸುದ್ದಿ ಇನ್ನಾಸನಿಗಿಂತ ಮುಂಚೆ ಲೂರ್ದಮ್ಮನ ಕಿವಿಗೆ ಬಿತ್ತು. ಬಿಗುಮಾನ ಗಿಗುಮಾನ ಎಲ್ಲ ಮೂಟೆ ಕಟ್ಟಿಟ್ಟು ತಾನೇ ಓಡಿದಳು, ಅತ್ತಿಗೆಯ ಗಡ್ಡ ಹಿಡಿದು ಬೇಡಿದಳು. ಕೊನೆಗೆ ಜ್ಞಾನಮ್ಮ, "ಬತ್ತೀವಿ. ಅನ್ನ ಮಾತ್ರ ನಾನೇ ಬೇರೆ ಬೇಯಿಸ್ಕೊಂಡು ತತ್ತೀನಿ" ಅಂದಳು. ಲೂರ್ದಮ್ಮನಿಗೆ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು, ಆದರೂ ನುಂಗಿಕೊಂಡಳು.

ಮನೆಗೆ ಬಂದು ಮಗನಿಗೆ ಮಂಗಳಾರತಿ. "ಗಂಡ ಹೆಂಡ್ತೀನ ಯಾರಾರಾ ಬೇರೆ ಮಾಡ್ತಾರೇನ್ಲಾ? ಒಂದಕ್ಕೊಂದು ಸೇರೋದನ್ನ ಒಂದೇ ಕಡೆ ಹಾಕಿ ಭದ್ರ ಮಾಡ್ಬೇಕು!"

"ಹಂಗೇ ಆಗಲವ್ವ, ಇನ್ಮೇಲೆ ಒಂದೇ ಕಡೆ" ಅಂದ ಇನ್ನಾಸ.

ಹಬ್ಬದ ಹಿಂದಿನ ದಿನ ಕೋಳಿ ಸಾಕುವ ಸಂದ್ಯಾಗಪ್ಪನ ಮನೆಯಿಂದ ಟರ್ಕಿ ಕೋಳಿ, ಬರುವ ದಾರಿಯಲ್ಲಿ ಅಂಗಡಿಯಿಂದ ಸಣ್ಣಕ್ಕಿ ತರಬೇಕಿತ್ತು. ಇನ್ನಾಸ ಯೋಚನೆ ಮಾಡಿದ. ಕೋಳಿಗೂ ಅಕ್ಕಿಗೂ ಸಂಬಂಧ ಉಂಟಲ್ಲ! ಎರಡನ್ನೂ ಒಂದೇ ಗೋಣಿಚೀಲಕ್ಕೆ ಹಾಕಿದ, ಬಾಯಿ ಬಿಗಿದ. ದಾರಿಯುದ್ದಕ್ಕೂ ಚೀಲದೊಳಗೆ ಟಕಟಕ, ಟಕಟಕ. ಮನೆಗೆ ಬಂದು ಬಿಚ್ಚಿದರೆ ಒಂದು ಕಾಳು ಅಕ್ಕಿಯಿಲ್ಲ. ಕೋಳಿ ಮಾತ್ರ ಬೀಗರ ಊಟ ಮುಗಿಸಿದವರ ಹಾಗೆ ಕಣ್ಣು ತೇಲಿಸಿಕೊಂಡು ಕೂತಿದೆ.

"ಅಕ್ಕಿ ಎಲ್ಲೋ?"

"ಒಳಗೇ ಐತವ್ವ. ನೀನು ತುಂಬೋದು ಬ್ಯಾಡ, ಅದೇ ತುಂಬ್ಕಂಡೈತೆ!"

ಲೂರ್ದಮ್ಮನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಇನ್ಮೇಲೆ ನಾನೇ ತುಂಬ್ತೀನಿ, ನಾನೇ ಮುಚ್ತೀನಿ. ನೀನು ಬರೀ ಕಾಯಿ ಸಾಕು!"

ಹಬ್ಬದ ಬೆಳಿಗ್ಗೆ ಕೋಳಿ ಕುಯ್ಯಿಸಿ, ಮನೆಯಲ್ಲಿದ್ದ ದಪ್ಪಕ್ಕಿಯನ್ನೇ ಮಸಾಲೆಯೊಂದಿಗೆ ಹೊಟ್ಟೆಗೆ ತುಂಬಿ, ದಾರದಲ್ಲಿ ಹೊಲಿದು, ದೊಡ್ಡ ತಪ್ಪಲೆಯಲ್ಲಿಟ್ಟು ಮುಚ್ಚಿದಳು. ಪೂಜೆಗೆ ಚರ್ಚಿಗೆ ಹೊರಡುವ ಮುಂಚೆ ಮಗನನ್ನು ಒಲೆ ಮುಂದೆ ಕೂರಿಸಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಒಳಗೆ ಎಷ್ಟೇ ಗದ್ದಲ ಆಗ್ಲಿ, ಮುಚ್ಚಳ ತೆಗೀಬ್ಯಾಡ. ಗದ್ದಲ ನಿಂತ ಮ್ಯಾಲೆ ಕಡ್ಡಿ ಚುಚ್ಚಿ ನೋಡು. ಕಡ್ಡಿಗೆ ಹಸಿ ಅಂಟಿದ್ರೆ ಬೆಂದಿಲ್ಲ ಅಂತ. ಮತ್ತೆ ಮುಚ್ಚು!"

ಅವಳು ತಿರುಗಿ ಬಂದಾಗ ಇನ್ನಾಸ ಕಡ್ಡಿ ಹಿಡಿದು ಅಲ್ಲೇ ಕೂತಿದ್ದ, ತಪ್ಪಲೆ ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು. ಲೂರ್ದಮ್ಮನ ಹೊಟ್ಟೆ ತಣ್ಣಗಾಯಿತು. ಹುಟ್ಟಿದಾಗಿನಿಂದ ಮೊದಲ ಸಲ ಒಂದು ಕೆಲಸ ನೆಟ್ಟಗೆ ಮಾಡಿದ್ದ!

ಅಷ್ಟರಲ್ಲಿ ಅಣ್ಣ ಬಂದ. ಜಗಲಿಯ ಹತ್ತಿರ ಚಪ್ಪಲಿ ಬಿಟ್ಟ. ಹಿಂದೆಯೇ ಜ್ಞಾನಮ್ಮ, ಬಟ್ಟೆ ಮುಚ್ಚಿದ ಅನ್ನದ ಪಾತ್ರೆ ಕಂಕುಳಲ್ಲಿ. ನೇರ ಅಡುಗೆಮನೆಗೆ ಹೋದವಳೇ ಇನ್ನಾಸನನ್ನು ಹೊರಗೆ ಕಳಿಸಿ ತಪ್ಪಲೆಯ ಮುಚ್ಚಳ ತೆಗೆದಳು, ಹೊಲಿಗೆ ಬಿಚ್ಚಿದಳು, ಕೋಳಿಯ ಹೊಟ್ಟೆಯಿಂದ ಒಂದು ಅಗುಳು ತೆಗೆದು ಹಿಸುಕಿದಳು.

"ನೋಡು! ಗಟ್ಟಿಗೈತೆ! ನಾನು ಹೇಳಿರ್ಲಿಲ್ವಾ?"

ಲೂರ್ದಮ್ಮ ಅತ್ತಿಗೆಯ ಪಾತ್ರೆಗೆ ಕೈಹಾಕಿ ಒಂದು ತುತ್ತು ಬಾಯಿಗಿಟ್ಟಳು. "ಚಪ್ಪೆ! ಇದು ಕೋಳಿ ಮುಖಾನೇ ನೋಡಿಲ್ಲ!"

"ಬೇರೆ ಬೇಯಿಸ್ಬೇಕು!"

"ಒಳಗೇ ಇಡ್ಬೇಕು!"

ಪಾತ್ರೆ ಕುಕ್ಕಿದ ಸದ್ದು, ಸೌಟು ಬಡಿದ ಸದ್ದು. ಜಗಲಿಯಲ್ಲಿ ಚೌರಪ್ಪ ಎದ್ದು ನಿಂತ. "ಲೇ ಜ್ಞಾನ, ಹೊರಡು, ಹೋಗಾನ. ಈ ಮನೆ ಹಣೆಬರಾನೇ ಇಷ್ಟು" ಅಂದು ಚಪ್ಪಲಿ ಮೆಟ್ಟಿದ. ಆ ಚಪ್ಪಲಿಯ ಸದ್ದು ಲೂರ್ದಮ್ಮನ ಕಿವಿಗೆ ಬಿತ್ತು. ಹೋಯಿತು, ಈ ಹಬ್ಬವೂ ಹೋಯಿತು.

ಆಗ ಧಡಾರ್ ಅಂತ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡಿತು. ಹೊರಗಿನಿಂದ ಚಿಲಕ ಬಿತ್ತು.

"ಲೇ ಇನ್ನಾಸ! ತೆಗ್ಯೋ!"

"ಕುದೀತಾ ಐತವ್ವ. ಗದ್ದಲ ನಿಲ್ಲೋಗಂಟ ತೆಗೀಬಾರ್ದು!"

"ನನ್ ಹೆಂಡ್ತಿ ಒಳಗವ್ಳೆ ಕಣೋ!" ಅಂದ ಚೌರಪ್ಪ.

"ಬೇಯ್ಲಿ ಮಾವ. ಕೂತ್ಕಳಿ."

ಹೆಂಡತಿಯನ್ನು ಬಿಟ್ಟು ಹೋಗುವುದೆಲ್ಲಿಗೆ? ಬಾಗಿಲಿಗೆ ಅಡ್ಡ ನಿಂತವನೋ ಬಾಗಿಲಷ್ಟೇ ಅಗಲ. ಚೌರಪ್ಪ ಕೂತ.

ಒಳಗೆ ಇಬ್ಬರೂ ಬಾಗಿಲು ಬಡಿದರು, ಕೂಗಿದರು, ಕೈಸೋತರು. "ಒಲೆ ಆರ್ತಾ ಐತೆ" ಅಂದಳು ಜ್ಞಾನಮ್ಮ. ಲೂರ್ದಮ್ಮ ಸೌದೆ ಮುಂದಕ್ಕೆ ತಳ್ಳಿದಳು. ಹಬ್ಬದ ದಿನ ಅಡುಗೆ ಹಾಳಾಗಲು ಯಾವ ಹೆಂಗಸು ಬಿಡುತ್ತಾಳೆ? ಜ್ಞಾನಮ್ಮ ಕೋಳಿಯ ಹೊಟ್ಟೆಯ ಅರೆಬೆಂದ ಅನ್ನವನ್ನು ತೋಡಿ ಕುದಿಯುವ ರಸಕ್ಕೆ ಹಾಕಿದಳು. ಖಾಲಿಯಾದ ಹೊಟ್ಟೆಗೆ ಲೂರ್ದಮ್ಮ ಅತ್ತಿಗೆಯ ಚಪ್ಪೆ ಅನ್ನ ತುಂಬಿದಳು. ಸ್ವಲ್ಪ ಹೊತ್ತಾದ ಮೇಲೆ ಅದರ ರುಚಿ ಇವಳು ನೋಡಿದಳು, ಇದರ ರುಚಿ ಅವಳು ನೋಡಿದಳು.

"ಉಪ್ಪು?"

"ಸರಿ ಐತೆ ಅತ್ತಿಗೆ."

ಇಬ್ಬರೂ ಸುಮ್ಮನಾದರು. ಗದ್ದಲ ನಿಂತಿತು. ಬಾಗಿಲಿನ ಹಲಗೆಯ ಸಂದಿಯಿಂದ ಒಂದು ತೆಂಗಿನ ಕಡ್ಡಿ ಮೆಲ್ಲಗೆ ಒಳಗೆ ಬಂತು. ಬಾಗಿಲಿಗೆ ಒರಗಿ ಕೂತಿದ್ದ ಜ್ಞಾನಮ್ಮನ, ಮಸಾಲೆ ಮೆತ್ತಿದ ಮೊಣಕೈಗೆ ಚುಚ್ಚಿತು.

"ಅಯ್ಯಯ್ಯಪ್ಪೋ!"

ಕಡ್ಡಿ ಹೊರಗೆ ಹೋಯಿತು. "ಮಾವ, ಹಸಿ ಅಂಟೈತೆ. ಅವ್ವ ಹೆಂಗೋ ಗೊತ್ತಿಲ್ಲ, ಅತ್ತೆ ಮಾತ್ರ ಇನ್ನೂ ಬೆಂದಿಲ್ಲ!"

"ಲೋ ಪೆದ್ದ!" ಅಂತ ಇಬ್ಬರು ಹೆಂಗಸರೂ ಒಂದೇ ಬಾಯಲ್ಲಿ ಬೈದರು. ಬೈದು ಒಬ್ಬರ ಮುಖ ಒಬ್ಬರು ನೋಡಿದರು. ಲೂರ್ದಮ್ಮನಿಗೆ ನಗು ಕಿತ್ತುಕೊಂಡು ಬಂತು. ಜ್ಞಾನಮ್ಮ ಸೆರಗು ಬಾಯಿಗಿಟ್ಟುಕೊಂಡಳು, ತಡೆಯಲಾಗಲಿಲ್ಲ. ಏನಾಯಿತೋ ಅಂತ ಚೌರಪ್ಪ ಓಡಿಬಂದು, ಕಡ್ಡಿ ನೋಡುತ್ತ ಕೂತಿದ್ದ ಇನ್ನಾಸನನ್ನು ಪಕ್ಕಕ್ಕೆ ತಳ್ಳಿ, ಚಿಲಕ ತೆಗೆದು ಒಳಗೆ ನುಗ್ಗಿದ.

ಇನ್ನಾಸ ನೋಡಿದ. ಒಳಗೆ ಅತ್ತೆ, ಒಳಗೆ ಮಾವ. ಗಂಡ ಹೆಂಡತಿಯನ್ನು ಬೇರೆ ಮಾಡಬಾರದು, ಒಂದೇ ಕಡೆ ಹಾಕಿ ಭದ್ರ ಮಾಡಬೇಕು! ಧಡಾರ್ ಅಂತ ಬಾಗಿಲು ಎಳೆದು ಮತ್ತೆ ಚಿಲಕ ಹಾಕಿದ.

ಹೊರಗೆ ಬರುವ ದಾರಿಯಿಲ್ಲ, ಎದುರಿಗೆ ಬಿಸಿಬಿಸಿ ತಪ್ಪಲೆ. ಚೌರಪ್ಪ ತಂಗಿಯ ಒಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. "ಇನ್ನೇನ್ ಮಾಡೋದು ಲೂರ್ದು, ಬಡಿಸು" ಅಂದ. ಲೂರ್ದಮ್ಮ ಕಣ್ಣೊರೆಸಿಕೊಂಡು ಬಡಿಸಿದಳು, ಮತ್ತೆ ನಕ್ಕಳು. ಅತ್ತಿಗೆಯೂ ನಕ್ಕಳು, ಅಣ್ಣನೂ ನಕ್ಕ. ಉಂಡರು, ನಕ್ಕರು, ಮತ್ತೆ ಬಡಿಸಿಕೊಂಡರು.

ಹೊರಗೆ ಇನ್ನಾಸ ಕಡ್ಡಿ ಹಿಡಿದುಕೊಂಡು ಕಾಯುತ್ತಲೇ ಇದ್ದ. ಹೊತ್ತು ಇಳಿಯಿತು, ಅವನ ಹೊಟ್ಟೆ ಚುರುಗುಟ್ಟಿತು. ಚಿಲಕ ಮಾತ್ರ ತೆಗೆಯಲಿಲ್ಲ. ಹೇಗೆ ತೆಗೆದಾನು? ಒಳಗೆ ಗದ್ದಲ ನಿಂತೇ ಇರಲಿಲ್ಲ.