ಕಂಬಳಿಯ ವಾಸನೆ

“ಗುರುಗಳೇ, ದೇಹ ಕಾಯುವ ಕಣಗಳ ಮೈಮೇಲೆ ‘ಸಾಕು, ನಿಲ್ಲು’ ಎನ್ನುವ ಕಡಿವಾಣವನ್ನು ದೇಹವೇ ಏಕೆ ಇಟ್ಟುಕೊಂಡಿತು? ಕ್ಯಾನ್ಸರ್ ಗಡ್ಡೆ ಅದನ್ನೇ ಜಗ್ಗಿ ಕಣಗಳನ್ನು ಸುಮ್ಮನಾಗಿಸುತ್ತದಲ್ಲ! ಕಡಿವಾಣ ಕಳಚುವ ಔಷಧ ಇದೆ. ಪರೀಕ್ಷೆಗಳೆಲ್ಲ ಆಮೇಲಾಗಲಿ. ಇವತ್ತೇ ಅವ್ವನಿಗೆ ಕೊಡೋಣ.”

ಕೇಳಿದವನು ಸೋಮಲಿಂಗ, ಇನ್ನೂ ಕಲಿಯುತ್ತಿದ್ದ ವೈದ್ಯ. ತಾಯಿಯ ಶ್ವಾಸಕೋಶದಲ್ಲಿ ಗಡ್ಡೆ ಬೆಳೆದಿತ್ತು. ಅವನಿಗೆ ಒಂದು ದಿನ ಕಾಯುವುದೂ ಸಂಕಟವಾಗಿತ್ತು. ಆಕೆ ಬಾಗಿಲಾಚೆ ಬೆಂಚಿನ ಮೇಲೆ ಕುಳಿತು, ಬಾತ ಬೆರಳುಗಳನ್ನು ತಿಕ್ಕಿಕೊಳ್ಳುತ್ತಿದ್ದರು. ಅದು ಹಳೆಯ ಕೀಲುವಾತ, ಕಾಯುವ ಕಣಗಳೇ ತಮ್ಮವರ ಮೇಲೆ ಬೀಳುವ ರೋಗ.

“ಕೂತ್ಕೋ ಮಾರಾಯ,” ಎಂದರು ಗುರುಗಳು.

“ಒಬ್ಬ ಕುರುಬನಿದ್ದ. ನಾಯಿಗಳನ್ನು ಮರಿಯಿಂದಲೇ ತನ್ನ ಕುರಿಗಳ ಉಣ್ಣೆಯ ಕಂಬಳಿಯ ಮೇಲೆ ಮಲಗಿಸಿ ಸಾಕುತ್ತಿದ್ದ. ಆ ವಾಸನೆ ಮೂಗಿಗೆ ಬಿದ್ದರೆ ಅವು ಕಚ್ಚುತ್ತಿರಲಿಲ್ಲ. ಕೆಂಚ ಎಂಬ ನಾಯಿಗೆ ಮಾತ್ರ ಅವನ ಹೆಂಡತಿಯನ್ನು ಕಂಡರಾಗದು. ದೂರದಿಂದಲೇ ಗುರುಗುಡುತ್ತಿತ್ತು. ಹತ್ತಿರ ಬಂದು ಅವಳ ಕಂಬಳಿ ಮೂಸಿ ತೆಪ್ಪಗಾಗುತ್ತಿತ್ತು.

“ಒಬ್ಬ ಕಳ್ಳ ಇದನ್ನು ತಿಳಿದ. ಸಂತೆಯಲ್ಲಿ ಆ ಕುರುಬನದೇ ಕಂಬಳಿ ಕೊಂಡು, ಹೊದ್ದು ಬಂದ. ನಾಯಿಗಳು ಮೂಸಿ ಮಲಗಿದವು. ಕುರಿಗಳು ಒಂದೊಂದಾಗಿ ಹೋದವು. ಕುರುಬನಿಗೆ ಪಿತ್ತ ನೆತ್ತಿಗೇರಿತು. ಬೇವಿನೆಣ್ಣೆಗೆ ಇಂಗು ಕಲಸಿ ಎಲ್ಲ ನಾಯಿಗಳ ಮೂಗಿಗೆ ಬಳಿದ.”

“ಕಳ್ಳ ಸಿಕ್ಕನೇ?”

“ಸಿಕ್ಕದೆ ಏನು! ಸಂಜೆಗೇ ಸಿಕ್ಕ. ನಾಯಿಗಳು ಅವನನ್ನು ಕೆಡವಿ ಹಾಕಿದವು.”

ಸೋಮಲಿಂಗನ ಮುಖ ಅರಳಿತು.

“ಅಷ್ಟರಲ್ಲಿ ಹೆಂಡತಿ ಬುತ್ತಿ ಹೊತ್ತು ಬಂದಳು. ಹೆಗಲ ಮೇಲೆ ಕಂಬಳಿ ಇದ್ದೇ ಇತ್ತು. ಆದರೆ ಕೆಂಚನಿಗೆ ಈಗ ಮೂಗೆಲ್ಲಿದೆ? ನೇರ ಅವಳ ಮೇಲೆ ಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಕಳ್ಳನನ್ನು ಬಿಗಿದ ಕೈಯಲ್ಲೇ ಕುರುಬ ಹೆಂಡತಿಯನ್ನು ಎತ್ತಿಕೊಂಡು ಅಳುತ್ತ ಓಡಿದ.”

“ಹಾಗಾದರೆ ಎಣ್ಣೆ ಬಳಿಯಲೇಬಾರದಿತ್ತೇ?”

“ಯಾರಂದರು? ಬಳಿಯದಿದ್ದರೆ ಮಂದೆಯೇ ಉಳಿಯುತ್ತಿರಲಿಲ್ಲ. ಮೊದಲು ಕೆಂಚನನ್ನು ಗೂಟಕ್ಕೆ ಕಟ್ಟಿ, ಆಮೇಲೆ ಬಳಿಯಬೇಕಿತ್ತು.”

ಸೋಮಲಿಂಗ ಔಷಧದ ಚೀಟಿ ಬರೆಯಲು ಪೆನ್ನು ತೆಗೆದ. ಗುರುಗಳು ಬಾಗಿಲಾಚೆ ಬೆಂಚಿನ ಕಡೆ ನೋಡಿದರು.

“ನಿನ್ನವ್ವನ ಬೆರಳುಗಳಲ್ಲಿ ಗುರುಗುಡುತ್ತಿರುವುದು ಯಾವ ನಾಯಿ, ಸೋಮಲಿಂಗ?”